ಮಕ್ಕಳಲ್ಲಿ ಟೈಪ್ 1 ಮಧುಮೇಹ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಮಂಡ್ಯ ಜಿಲ್ಲೆಯು ಸಕ್ಕರೆಯ ನಾಡೆಂದು ಹೆಸರಾಗಿರುತ್ತದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು ಬಂದ ನಂತರ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಲೆಮನೆಯ ಬೆಲ್ಲ ಮತ್ತು ಕಬ್ಬಿನ ಹಾಲು ಈ ಭಾಗದ ಮಕ್ಕಳಿಗೆ ಹುಟ್ಟಿನಿಂದಲೇ ಪರಿಚಿತವಾದವು. ಆದ್ದರಿಂದ ಮಗುವಿಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ತಿಳಿಸಿದಾಗ, ಸಿಹಿ ಹೆಚ್ಚು ತಿನ್ನಿಸಿದ್ದರಿಂದಲೇ ಹೀಗಾಯಿತೆ ಎಂಬ ಪ್ರಶ್ನೆ ತಂದೆತಾಯಿಯರಲ್ಲಿ ಮೊದಲು ಮೂಡುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಂಡುಬರುವ ಟೈಪ್ 1 ಮಧುಮೇಹವು ಸಿಹಿ ತಿನ್ನುವುದರಿಂದ ಬರುವುದಿಲ್ಲ. ಇದಕ್ಕೆ ತಾಯಿಯ ತಪ್ಪಾಗಲಿ, ಮಗುವಿನ ತಪ್ಪಾಗಲಿ ಕಾರಣವಲ್ಲ.

ಈ ಕಾಯಿಲೆಯುಳ್ಳ ಮಗುವಿಗೆ ಇನ್ಸುಲಿನ್ ಅನ್ನ ನೀರಿನಷ್ಟೇ ಅಗತ್ಯವಾದುದು. ಅದನ್ನು ಯಾವ ಕಾರಣಕ್ಕೂ, ಒಂದು ದಿನದ ಮಟ್ಟಿಗೂ ನಿಲ್ಲಿಸತಕ್ಕದ್ದಲ್ಲ. ಪ್ರತಿದಿನ ಸರಿಯಾಗಿ ಇನ್ಸುಲಿನ್ ಪಡೆಯುವ ಮಗು ಇತರ ಮಕ್ಕಳಂತೆಯೇ ಬೆಳೆದು, ಓದಿ, ದುಡಿದು, ಸಂಸಾರ ನಡೆಸಬಲ್ಲದು. ಈ ಮಗುವನ್ನು ಬೆಳೆಸುವ ಕುಟುಂಬವು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

ಕಾಯಿಲೆಯ ಸ್ವರೂಪ

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸದೂತವನ್ನು ತಯಾರಿಸುತ್ತದೆ. ಆಹಾರದಿಂದ ರಕ್ತಕ್ಕೆ ಸೇರಿದ ಸಕ್ಕರೆಯು ಜೀವಕೋಶಗಳ ಒಳಗೆ ಹೋಗಿ ಶಕ್ತಿಯಾಗಲು ಇನ್ಸುಲಿನ್ ಬೇಕು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಪಡಿಸಿದಾಗ ಟೈಪ್ 1 ಮಧುಮೇಹ ಉಂಟಾಗುತ್ತದೆ. ಹುಟ್ಟಿನಿಂದ ಬಂದ ಒಲವು ಮತ್ತು ಸುತ್ತಲಿನ ಪರಿಸರದ ಕೆಲವು ಅಂಶಗಳು ಸೇರಿ ಇದು ಸಂಭವಿಸುತ್ತದೆ. ಈ ಕಾಯಿಲೆ ಬಂದ ಹೆಚ್ಚಿನ ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಇದು ಇರುವುದಿಲ್ಲ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಮತ್ತೊಬ್ಬರಿಗೆ ಹರಡುವುದಿಲ್ಲ.

ಹಿರಿಯರಲ್ಲಿ ಹೆಚ್ಚಾಗಿ ಕಾಣುವ ಟೈಪ್ 2 ಮಧುಮೇಹದಲ್ಲಿ ದೇಹವು ಸ್ವಲ್ಪ ಮಟ್ಟಿಗಾದರೂ ಇನ್ಸುಲಿನ್ ತಯಾರಿಸುತ್ತಿರುತ್ತದೆ. ಆದ್ದರಿಂದ ಅಂತಹವರು ಮಾತ್ರೆ, ಪಥ್ಯ ಮತ್ತು ನಡಿಗೆಯಿಂದ ಕಾಯಿಲೆಯನ್ನು ಹತೋಟಿಯಲ್ಲಿಡಬಹುದು. ಟೈಪ್ 1 ಮಧುಮೇಹದ ಮಗುವಿನಲ್ಲಿ ಇನ್ಸುಲಿನ್ ಬಹುತೇಕ ಇಲ್ಲವಾಗುತ್ತದೆ. ಅಜ್ಜನಿಗೆ ಮಾತ್ರೆಯಲ್ಲಿ ಕಡಿಮೆಯಾಯಿತೆಂದು ಮೊಮ್ಮಗನಿಗೂ ಅದೇ ಮಾತ್ರೆ ಕೊಡುವುದು ಪ್ರಾಣಾಪಾಯಕ್ಕೆ ದಾರಿಯಾಗುತ್ತದೆ.

1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಅಧ್ಯಯನದಲ್ಲಿ ಪ್ರತಿ 1 ಲಕ್ಷ ಗಂಡುಮಕ್ಕಳಲ್ಲಿ 3.7 ಹಾಗೂ ಪ್ರತಿ 1 ಲಕ್ಷ ಹೆಣ್ಣುಮಕ್ಕಳಲ್ಲಿ 4.0ರಂತೆ ಹೊಸ ಪ್ರಕರಣಗಳು ಕಂಡುಬಂದಿದ್ದವು. ಒಂದು ಊರಿನಲ್ಲಿ ಇಂತಹ ಮಗು ಒಂದೇ ಇರುವುದು ಸಾಮಾನ್ಯ. ಹೀಗಾಗಿ ನೆರೆಹೊರೆಯವರಿಗೆ, ಕೆಲವೊಮ್ಮೆ ಶಾಲೆಗೆ ಸಹ, ಈ ಕಾಯಿಲೆಯ ಪರಿಚಯವಿರುವುದಿಲ್ಲ.

ಲಕ್ಷಣಗಳು

ಈ ಕಾಯಿಲೆಯು ಕೆಲವೇ ವಾರಗಳಲ್ಲಿ ಪ್ರಕಟವಾಗುತ್ತದೆ. ಕೆಳಕಂಡ ಲಕ್ಷಣಗಳಿದ್ದಲ್ಲಿ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದು.

1. ಮಗು ಪದೇ ಪದೇ ನೀರು ಕೇಳುವುದು, ರಾತ್ರಿ ಎದ್ದು ನೀರು ಕುಡಿಯುವುದು.
2. ಪದೇ ಪದೇ ಮೂತ್ರ ವಿಸರ್ಜನೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡುವುದು.
3. ಚೆನ್ನಾಗಿ ಉಣ್ಣುತ್ತಿದ್ದರೂ ಮೈ ಇಳಿಯುವುದು.
4. ಆಟಕ್ಕೆ ಹೋಗದೆ ಸುಸ್ತಾಗಿ ಮಲಗುವುದು.
5. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದು.

ಈ ಹಂತದಲ್ಲಿ ಗುರುತಿಸದಿದ್ದರೆ ದೇಹವು ಶಕ್ತಿಗಾಗಿ ಕೊಬ್ಬನ್ನು ಕರಗಿಸಲು ತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಆಗ ಹೊಟ್ಟೆನೋವು, ವಾಂತಿ, ದೀರ್ಘವಾದ ಜೋರು ಉಸಿರಾಟ, ಉಸಿರಿನಲ್ಲಿ ಮಾಗಿದ ಹಣ್ಣಿನಂತಹ ವಾಸನೆ ಮತ್ತು ಮಂಪರು ಕಾಣಿಸಿಕೊಳ್ಳುತ್ತವೆ. ಇದು ತುರ್ತು ಸ್ಥಿತಿ. ವಾಂತಿ ಮತ್ತು ಹೊಟ್ಟೆನೋವನ್ನು ಅಜೀರ್ಣವೆಂದೂ, ಜೋರು ಉಸಿರಾಟವನ್ನು ಉಬ್ಬಸವೆಂದೂ, ಮಂಪರನ್ನು ಗಾಳಿ ಸೋಕಿದ್ದೆಂದೂ ತಿಳಿದು ಕಾಲ ಕಳೆಯುವುದರಿಂದ ಮಕ್ಕಳು ಮರಣ ಹೊಂದುವ ಸಂಭವವಿರುತ್ತದೆ. ವಾಂತಿ ಭೇದಿಯಾದ ಮಗುವಿನ ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರವೂ ಕಡಿಮೆಯಾಗುವುದು ಸಹಜ. ವಾಂತಿಯಾಗುತ್ತಿದ್ದರೂ ಮೂತ್ರ ಧಾರಾಳವಾಗಿ ಹೋಗುತ್ತಿದ್ದರೆ ಮಧುಮೇಹವನ್ನು ಶಂಕಿಸತಕ್ಕದ್ದು.

ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರಿನಲ್ಲಿ ನೋಡುವ ಪರೀಕ್ಷೆಗೆ ಒಂದು ನಿಮಿಷ ಸಾಕು. ಮೇಲಿನ ಲಕ್ಷಣಗಳೊಂದಿಗೆ ಯಾವುದೇ ಹೊತ್ತಿನ ರಕ್ತದ ಸಕ್ಕರೆ 200 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಗುವನ್ನು ಅಂದೇ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಮರುದಿನದ ಖಾಲಿ ಹೊಟ್ಟೆಯ ಪರೀಕ್ಷೆಗಾಗಿ ಕಾಯಬಾರದು. ಶಾಲೆ ಮತ್ತು ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಮಕ್ಕಳ ತಪಾಸಣೆ ನಡೆಸುತ್ತದೆ. ಆದರೆ ಈ ಕಾಯಿಲೆ ಎರಡು ತಪಾಸಣೆಗಳ ನಡುವೆಯೇ ಬಂದುಬಿಡುವುದರಿಂದ ಪೋಷಕರು ತಂಡದ ಭೇಟಿಗಾಗಿ ಕಾಯಬಾರದು.

ಇನ್ಸುಲಿನ್ನಿನ ಹಿನ್ನೆಲೆ

ಇನ್ಸುಲಿನ್ ಲಭ್ಯವಾಗುವ ಮೊದಲು ಈ ಕಾಯಿಲೆ ಬಂದ ಮಕ್ಕಳು ತಿಂಗಳುಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಇನ್ಸುಲಿನ್ ಅನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅದು ಸಾಕಷ್ಟು ಶುದ್ಧವಾಗಿರದ ಕಾರಣ ಫಲ ಕೊಡಲಿಲ್ಲ. ಜೇಮ್ಸ್ ಕಾಲಿಪ್ ಅವರು ಶುದ್ಧಗೊಳಿಸಿದ ಇನ್ಸುಲಿನ್ ಅನ್ನು ಅದೇ ತಿಂಗಳ 23ರಿಂದ ನೀಡಿದಾಗ ಬಾಲಕನು ಚೇತರಿಸಿಕೊಂಡನು. ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವಾಗಿ ಆಚರಿಸಲಾಗುತ್ತದೆ. ಭಾರತದಲ್ಲಿ ಅದೇ ದಿನ ಮಕ್ಕಳ ದಿನಾಚರಣೆಯೂ ಆಗಿರುತ್ತದೆ.

ಇನ್ಸುಲಿನ್ ನೀಡುವ ಕ್ರಮ

ಇನ್ಸುಲಿನ್ ಅನ್ನು ಬಾಯಿಯ ಮೂಲಕ ಕೊಟ್ಟರೆ ಜಠರದಲ್ಲಿ ಜೀರ್ಣವಾಗಿಬಿಡುತ್ತದೆ. ಆದ್ದರಿಂದ ಚರ್ಮದ ಕೆಳಗೆ ಚುಚ್ಚುಮದ್ದಿನ ಮೂಲಕವೇ ಕೊಡಬೇಕು. ಊಟದ ಹೊತ್ತಿಗೆ ಬೇಗ ಕೆಲಸ ಮಾಡುವ ಇನ್ಸುಲಿನ್ ಮತ್ತು ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಎರಡೂ ಬೇಕಾಗುತ್ತವೆ. ಹೆಚ್ಚಿನ ಮಕ್ಕಳಿಗೆ ದಿನಕ್ಕೆ 3ರಿಂದ 4 ಚುಚ್ಚುಮದ್ದುಗಳು ಅಗತ್ಯ. ಪ್ರಮಾಣವನ್ನು ವೈದ್ಯರು ಮಗುವಿನ ತೂಕ, ವಯಸ್ಸು, ಆಹಾರ ಮತ್ತು ಪರೀಕ್ಷೆಯ ಫಲಿತಾಂಶಗಳಿಗನುಗುಣವಾಗಿ ನಿಗದಿಪಡಿಸುತ್ತಾರೆ. ಮಗು ಬೆಳೆದಂತೆ ಪ್ರಮಾಣವೂ ಬದಲಾಗುತ್ತದೆ.

ಪೋಷಕರು ಗಮನಿಸಬೇಕಾದ ಅಂಶಗಳು:

1. ಭಾರತದಲ್ಲಿ ದೊರೆಯುವ ಇನ್ಸುಲಿನ್ ಬಾಟಲಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಇದಕ್ಕೆ ಕೆಂಪು ಮುಚ್ಚಳದ 40 ಯೂನಿಟ್ ಸಿರಿಂಜನ್ನೇ ಬಳಸಬೇಕು. ಪ್ರತಿ ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಕಿತ್ತಳೆ ಮುಚ್ಚಳದ 100 ಯೂನಿಟ್ ಸಿರಿಂಜು ಬೇಕು. ಇವು ಅದಲು ಬದಲಾದರೆ ಮಗುವಿಗೆ ಎರಡೂವರೆ ಪಟ್ಟು ಹೆಚ್ಚು ಅಥವಾ ಅಷ್ಟೇ ಕಡಿಮೆ ಔಷಧ ಹೋಗುತ್ತದೆ. ಔಷಧಿ ಅಂಗಡಿಯಲ್ಲಿ ಬಾಟಲಿ ಮತ್ತು ಸಿರಿಂಜು ಎರಡರ ಮೇಲಿನ ಸಂಖ್ಯೆಯನ್ನು ಪ್ರತಿ ಸಲವೂ ಓದಿ ನೋಡುವುದು.
2. ಹೊಟ್ಟೆ, ತೊಡೆ, ತೋಳಿನ ಹಿಂಭಾಗ ಮತ್ತು ಪೃಷ್ಠದಲ್ಲಿ ಜಾಗ ಬದಲಿಸುತ್ತಾ ಚುಚ್ಚಬೇಕು. ಒಂದೇ ಜಾಗದಲ್ಲಿ ಚುಚ್ಚಿದರೆ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ.
3. ಹಾಲಿನಂತೆ ಬೆಳ್ಳಗಿರುವ ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಕುಲುಕಬಾರದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಸುಕಾಗಿದ್ದರೆ ಬಳಸಬಾರದು.
4. ಒಬ್ಬರ ಸೂಜಿಯನ್ನು ಮತ್ತೊಬ್ಬರಿಗೆ ಎಂದೂ ಬಳಸಬಾರದು. ಬಳಸಿದ ಸೂಜಿಗಳನ್ನು ಗದ್ದೆ ಬದುವಿಗಾಗಲಿ ತಿಪ್ಪೆಗಾಗಲಿ ಎಸೆಯದೆ, ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಸಮೀಪದ ಆರೋಗ್ಯ ಕೇಂದ್ರಕ್ಕೆ ತಲುಪಿಸುವುದು.

ಇನ್ಸುಲಿನ್ ಸಂರಕ್ಷಣೆ

ಬಳಸಲು ಆರಂಭಿಸದ ಬಾಟಲಿಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಮಂಜುಗಡ್ಡೆ ಕಟ್ಟುವ ಮೇಲಿನ ಖಾನೆಯಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬರುವುದಿಲ್ಲ. ಬಳಕೆಯಲ್ಲಿರುವ ಬಾಟಲಿಯನ್ನು ಬಿಸಿಲು ಬೀಳದ ತಂಪಾದ ಜಾಗದಲ್ಲಿಟ್ಟು ಸುಮಾರು 4 ವಾರಗಳವರೆಗೆ ಉಪಯೋಗಿಸಬಹುದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯುವುದು.

ಫ್ರಿಜ್ ಇಲ್ಲದ ಮನೆಗಳಲ್ಲಿ ಮಣ್ಣಿನ ಮಡಕೆಯ ವಿಧಾನ ಅನುಸರಿಸಬಹುದು. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯನ್ನಿಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ, ಮರಳನ್ನು ದಿನವೂ ಒದ್ದೆಯಾಗಿಡಬೇಕು. ಇನ್ಸುಲಿನ್ ಬಾಟಲಿಯನ್ನು ನೀರು ಸೋಕದ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆಯಿಂದ ಮುಚ್ಚಬೇಕು. ನೆರಳು ಮತ್ತು ಗಾಳಿಯಾಡುವ ಜಾಗದಲ್ಲಿ ಇದು ಹೊರಗಿಗಿಂತ ತಂಪಾಗಿರುತ್ತದೆ. ಶೀಟಿನ ಚಾವಣಿಯ ಕೆಳಗಿನ ಗೂಡು, ಒಲೆಯ ಪಕ್ಕ, ನಿಲ್ಲಿಸಿದ ವಾಹನದ ಪೆಟ್ಟಿಗೆ ಮತ್ತು ಬಸ್ಸಿನ ಕಿಟಕಿಯ ಪಕ್ಕ ಇನ್ಸುಲಿನ್ ಇಡಲು ತಕ್ಕ ಸ್ಥಳಗಳಲ್ಲ.

"ವಾಸಿಯಾಯಿತು" ಎಂಬ ತಪ್ಪು ತಿಳಿವಳಿಕೆ

ಅನೇಕ ಕುಟುಂಬಗಳು ಎಡವುವುದು ಈ ಹಂತದಲ್ಲಿ. ಚಿಕಿತ್ಸೆ ಆರಂಭವಾದ ಕೆಲವು ವಾರಗಳ ನಂತರ ಬಹಳಷ್ಟು ಮಕ್ಕಳಲ್ಲಿ ಇನ್ಸುಲಿನ್ನಿನ ಅವಶ್ಯಕತೆ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ. ಉಳಿದಿದ್ದ ಅಲ್ಪಸ್ವಲ್ಪ ಜೀವಕೋಶಗಳು ವಿಶ್ರಾಂತಿ ಪಡೆದು ಮತ್ತೆ ಸ್ವಲ್ಪ ಇನ್ಸುಲಿನ್ ತಯಾರಿಸುವುದೇ ಇದಕ್ಕೆ ಕಾರಣ. ಮಗು ಮೈ ತುಂಬಿಕೊಂಡು ಲವಲವಿಕೆಯಿಂದಿರುತ್ತದೆ. ರಕ್ತದ ಸಕ್ಕರೆಯೂ ಸಮನಾಗಿರುತ್ತದೆ. ಈ ಅವಧಿ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಇದ್ದು ನಂತರ ತಪ್ಪದೆ ಮುಗಿಯುತ್ತದೆ.

ಇದೇ ಸಮಯದಲ್ಲಿ ಬಂಧುಗಳು, ಪರಿಚಿತರು ನಾಟಿ ಔಷಧಿ, ಕಷಾಯ ಅಥವಾ ಪುಡಿಯನ್ನು ಸೂಚಿಸಿದ್ದರೆ, ಕಾಯಿಲೆ ಅದರಿಂದಲೇ ಗುಣವಾಯಿತೆಂದು ಮನೆಯವರು ನಂಬುವುದು ಸಹಜ. ಆ ನಂಬಿಕೆಯಿಂದ ಇನ್ಸುಲಿನ್ ನಿಲ್ಲಿಸಿದರೆ ಮಗು ಕೆಲವೇ ದಿನಗಳಲ್ಲಿ ಕೀಟೋನ್ ವಿಷಮ ಸ್ಥಿತಿಗೆ ಹೋಗಬಹುದು. ಇನ್ಸುಲಿನ್ನಿನ ಬದಲಾಗಿ ನಿಲ್ಲಬಲ್ಲ ಯಾವ ಸೊಪ್ಪು, ಬೇರು, ಮಾತ್ರೆ, ಆಸನ ಅಥವಾ ಪಥ್ಯವೂ ಟೈಪ್ 1 ಮಧುಮೇಹಕ್ಕೆ ಇರುವುದಿಲ್ಲ. ಮನೆದೇವರಿಗೆ ಹರಕೆ ಹೊರುವುದು, ಪೂಜೆ ಸಲ್ಲಿಸುವುದು ಕುಟುಂಬದ ಸಮಾಧಾನಕ್ಕೆ ಬಿಟ್ಟದ್ದು. ಆ ದಿನವೂ ಇನ್ಸುಲಿನ್ ತಪ್ಪಬಾರದು. ಪ್ರಮಾಣ ಕಡಿಮೆ ಮಾಡಬೇಕೆಂದು ಕಂಡುಬಂದಲ್ಲಿ ವೈದ್ಯರ ಸಲಹೆಯಂತೆ ಕಡಿಮೆ ಮಾಡುವುದು, ಪೂರ್ತಿ ನಿಲ್ಲಿಸತಕ್ಕದ್ದಲ್ಲ.

ರಕ್ತದ ಸಕ್ಕರೆ ಪರೀಕ್ಷೆ

ಊಟಕ್ಕೆ ಮೊದಲು ಮತ್ತು ಮಲಗುವ ಮುನ್ನ ಪರೀಕ್ಷಿಸಿ, ಫಲಿತಾಂಶವನ್ನು ದಿನಾಂಕ, ಹೊತ್ತು ಮತ್ತು ನೀಡಿದ ಇನ್ಸುಲಿನ್ ಪ್ರಮಾಣದೊಂದಿಗೆ ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಸಾಮಾನ್ಯವಾಗಿ 70ರಿಂದ 180 ಮಿಲಿಗ್ರಾಂ ನಡುವೆ ಇರುವುದು ಅಪೇಕ್ಷಣೀಯ. ವೈದ್ಯರಿಗೆ ಹೆದರಿ ಒಳ್ಳೆಯ ಅಂಕಿಗಳನ್ನು ಮಾತ್ರ ಬರೆಯುವ ಅಭ್ಯಾಸ ಕೆಲವೆಡೆ ಇರುತ್ತದೆ. ಹೆಚ್ಚಿನ ಅಂಕಿ ಮಗುವಿನ ಅಪರಾಧವಲ್ಲ. ಪ್ರಮಾಣ ಬದಲಿಸಲು ವೈದ್ಯರಿಗೆ ಅದೇ ಆಧಾರ. ಇದಲ್ಲದೆ 3 ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಬೇಕು. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹತೋಟಿಯನ್ನು ತಿಳಿಸುತ್ತದೆ. ಹತೋಟಿ ತಪ್ಪಿದ ಸಕ್ಕರೆಯು ವರ್ಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ ಮತ್ತು ನರಗಳಿಗೆ ಹಾನಿ ಮಾಡುವುದರಿಂದ, ವೈದ್ಯರು ಸೂಚಿಸಿದ ವಯಸ್ಸಿನಿಂದ ಕಣ್ಣು ಮತ್ತು ಮೂತ್ರದ ವಾರ್ಷಿಕ ತಪಾಸಣೆಯನ್ನು ಮಾಡಿಸುವುದು.

ಸಕ್ಕರೆ ಅಂಶ ಇಳಿದಾಗ

ಇನ್ಸುಲಿನ್ ಪಡೆದ ಮಗು ಊಟ ತಡಮಾಡಿದರೆ, ಕಡಿಮೆ ಉಂಡರೆ ಅಥವಾ ಹೆಚ್ಚು ಆಡಿದರೆ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ತೀವ್ರ ಹಸಿವು, ಮಂಕು, ಕಾರಣವಿಲ್ಲದ ಸಿಟ್ಟು ಅಥವಾ ಅಳು ಇದರ ಲಕ್ಷಣಗಳು. ಇಂತಹ ಹೊತ್ತಿನಲ್ಲಿ ಸಕ್ಕರೆಯೇ ಮಗುವಿನ ಔಷಧ.

1. ತಕ್ಷಣ 2ರಿಂದ 3 ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುವುದು. ಚಿಕ್ಕ ಮಕ್ಕಳಿಗೆ 1ರಿಂದ 2 ಚಮಚ ಸಾಕು.
2. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡುವುದು.
3. ಸರಿಹೋದ ಮೇಲೆ ಊಟದ ಹೊತ್ತು ದೂರವಿದ್ದರೆ ಹಾಲು, ಬಿಸ್ಕತ್ತು ಅಥವಾ ಬಾಳೆಹಣ್ಣು ಕೊಡುವುದು.
4. ಮಗು ಪ್ರಜ್ಞೆ ತಪ್ಪಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಒಂದು ಪಕ್ಕಕ್ಕೆ ಮಲಗಿಸಿ, ವೈದ್ಯರು ಗ್ಲುಕಗಾನ್ ಚುಚ್ಚುಮದ್ದು ಕೊಟ್ಟಿದ್ದರೆ ಅದನ್ನು ನೀಡಿ, 108 ತುರ್ತು ವಾಹನಕ್ಕೆ ಕರೆ ಮಾಡುವುದು.

ಮಗುವಿನ ಜೇಬಿನಲ್ಲಿ ಸದಾ ಗ್ಲುಕೋಸ್ ಅಥವಾ ಸಕ್ಕರೆಯ ಪೊಟ್ಟಣವಿರಬೇಕು. ಈಜುವಾಗ ಸಕ್ಕರೆ ಇಳಿದರೆ ಮುಳುಗುವ ಅಪಾಯವಿರುವುದರಿಂದ ನಾಲೆ, ಕೆರೆ ಅಥವಾ ಬಾವಿಗೆ ಮಗುವನ್ನು ಹಿರಿಯರಿಲ್ಲದೆ ಕಳುಹಿಸತಕ್ಕದ್ದಲ್ಲ.

ಜ್ವರ, ವಾಂತಿ ಇರುವ ದಿನಗಳಲ್ಲಿ

ಮಗು ಊಟ ಮಾಡುತ್ತಿಲ್ಲವಾದ್ದರಿಂದ ಇನ್ಸುಲಿನ್ ಬೇಡವೆಂದು ಭಾವಿಸುವುದು ಎರಡನೆಯ ದೊಡ್ಡ ತಪ್ಪು. ಜ್ವರ ಬಂದಾಗ ದೇಹಕ್ಕೆ ಹಲವು ಸಲ ಎಂದಿಗಿಂತ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಅನ್ನು ನಿಲ್ಲಿಸದೆ, 3ರಿಂದ 4 ಗಂಟೆಗೊಮ್ಮೆ ರಕ್ತದ ಸಕ್ಕರೆ ಪರೀಕ್ಷಿಸಿ, ಮೂತ್ರದಲ್ಲಿ ಕೀಟೋನ್ ಇದೆಯೆ ಎಂದು ಪಟ್ಟಿಯ ಸಹಾಯದಿಂದ ನೋಡಬೇಕು. ಗಂಜಿ ತಿಳಿ, ಮಜ್ಜಿಗೆ, ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತಿರಬೇಕು. ಎರಡು ಸಲಕ್ಕಿಂತ ಹೆಚ್ಚು ವಾಂತಿಯಾದರೆ, ಕೀಟೋನ್ ಕಂಡುಬಂದರೆ, ಉಸಿರಾಟ ಜೋರಾದರೆ ಅಥವಾ ಮಂಪರು ಕವಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡುವುದು. ಮಳವಳ್ಳಿಗೆ ರೈಲು ಸಂಪರ್ಕವಿಲ್ಲ. ಹೊಳೆದಂಡೆಯ ಮತ್ತು ಕಾಡಂಚಿನ ಊರುಗಳಿಗೆ ರಾತ್ರಿ ಬಸ್ಸುಗಳೂ ವಿರಳ. ಇಂತಹ ಊರುಗಳ ಪೋಷಕರು ರಾತ್ರಿ ವೇಳೆ ವಾಹನ ಕೊಡಬಲ್ಲ ನೆರೆಯವರೊಬ್ಬರನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಸೂಕ್ತ.

ಆಹಾರ

ಟೈಪ್ 1 ಮಧುಮೇಹದ ಮಗುವನ್ನು ಉಪವಾಸ ಕೆಡವಬಾರದು. ಬೆಳೆಯುವ ಮಗುವಿಗೆ ಇತರ ಮಕ್ಕಳಷ್ಟೇ ಆಹಾರ ಬೇಕು. ಹೊತ್ತಿಗೆ ಸರಿಯಾಗಿ, ಇನ್ಸುಲಿನ್ನಿಗೆ ತಕ್ಕಷ್ಟು ಊಟ ಮಾಡುವುದೇ ಇಲ್ಲಿನ ನಿಯಮ.

ರಾಗಿ ಮುದ್ದೆಯಲ್ಲಿ ನಾರು ಮತ್ತು ಸುಣ್ಣದ ಅಂಶವಿದ್ದು ಅದು ಉತ್ತಮ ಆಹಾರ. ಆದರೆ ಮುದ್ದೆಯೂ ಅನ್ನದಂತೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ರಾಗಿಯಾದ್ದರಿಂದ ಎಷ್ಟಾದರೂ ಉಣ್ಣಬಹುದೆಂಬುದು ಸರಿಯಲ್ಲ. ಪ್ರತಿದಿನ ಒಂದೇ ಗಾತ್ರದ ಮುದ್ದೆ ಕಟ್ಟಿದರೆ ಇನ್ಸುಲಿನ್ ಪ್ರಮಾಣ ನಿರ್ಧರಿಸುವುದು ಸುಲಭವಾಗುತ್ತದೆ. ಜೊತೆಗೆ ಸೊಪ್ಪಿನ ಬಸ್ಸಾರು, ಅವರೆ, ಹುರುಳಿ, ಮೊಳಕೆ ಕಾಳು, ಮೊಟ್ಟೆ, ಮಜ್ಜಿಗೆ ಮತ್ತು ತರಕಾರಿ ಇರಲಿ. ಸಕ್ಕರೆಗಿಂತ ಬೆಲ್ಲ ಒಳ್ಳೆಯದೆಂಬ ನಂಬಿಕೆ ಈ ಭಾಗದಲ್ಲಿ ವ್ಯಾಪಕವಾಗಿದೆ. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲ, ಸಕ್ಕರೆ, ಜೇನುತುಪ್ಪ ಮತ್ತು ಕಬ್ಬಿನ ಹಾಲು ಒಂದೇ ಸಾಲಿಗೆ ಸೇರುತ್ತವೆ.

ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಬೇವುಬೆಲ್ಲ ಮತ್ತು ಒಬ್ಬಟ್ಟು, ಊರ ಹಬ್ಬದ ಊಟ ಇವುಗಳಿಂದ ಮಗುವನ್ನು ಪೂರ್ತಿ ದೂರವಿಟ್ಟರೆ ಅದು ಕದ್ದು ತಿನ್ನಲು ಕಲಿಯುತ್ತದೆ. ಕದ್ದು ತಿಂದದ್ದಕ್ಕೆ ಯಾರೂ ಇನ್ಸುಲಿನ್ ಕೊಡುವುದಿಲ್ಲ. ಹಬ್ಬದ ದಿನ ಊಟದ ಜೊತೆಯಲ್ಲಿ ಸ್ವಲ್ಪ ಸಿಹಿ ಕೊಟ್ಟು, ಅದಕ್ಕೆ ಹೊಂದುವ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಮೊದಲೇ ತಿಳಿದುಕೊಳ್ಳುವುದು ಉತ್ತಮ.

ಶಾಲೆಯಲ್ಲಿ

ಮಗು ಎಚ್ಚರವಿರುವ ಹೊತ್ತಿನ ದೊಡ್ಡ ಭಾಗ ಶಾಲೆಯಲ್ಲಿ ಕಳೆಯುತ್ತದೆ. ಕಾಯಿಲೆಯನ್ನು ಶಾಲೆಯಿಂದ ಮುಚ್ಚಿಡುವುದು ಅಪಾಯಕಾರಿ. ಪೋಷಕರು ಮುಖ್ಯೋಪಾಧ್ಯಾಯರಿಗೆ ವೈದ್ಯರ ಪತ್ರದೊಂದಿಗೆ ವಿಷಯ ತಿಳಿಸಿ, ಕೆಳಕಂಡ ಅಂಶಗಳನ್ನು ಕೋರುವುದು.

1. ನೀರು ಕುಡಿಯಲು ಮತ್ತು ಶೌಚಾಲಯಕ್ಕೆ ಹೋಗಲು ಯಾವುದೇ ಹೊತ್ತಿನಲ್ಲಿ ಅನುಮತಿ.
2. ತರಗತಿಯಲ್ಲಿಯೇ ಸಕ್ಕರೆ ಪರೀಕ್ಷೆ ಮಾಡಿಕೊಳ್ಳಲು, ಅಗತ್ಯವಿದ್ದಾಗ ತಿನ್ನಲು ಅವಕಾಶ.
3. ಮಧ್ಯಾಹ್ನದ ಇನ್ಸುಲಿನ್ ತೆಗೆದುಕೊಳ್ಳಲು ಶುಚಿಯಾದ, ಮರೆಯಿರುವ ಜಾಗ.
4. ಸಕ್ಕರೆ ಇಳಿದಾಗ ಮಾಡಬೇಕಾದುದನ್ನು ಬಲ್ಲ ಕನಿಷ್ಠ ಇಬ್ಬರು ಶಿಕ್ಷಕರು. ಸುಸ್ತಾದ ಮಗುವನ್ನು ಒಂಟಿಯಾಗಿ ಮನೆಗೆ ಕಳುಹಿಸಬಾರದು.

ಶಾಲೆಯ ಬಿಸಿಯೂಟವನ್ನು ಮಗು ಇತರರೊಂದಿಗೇ ಕುಳಿತು ಉಣ್ಣಬಹುದು. ಶಾಲೆಯಲ್ಲಿ ನೀಡುವ ಹಾಲು, ರಾಗಿ ಮಾಲ್ಟ್ ಮತ್ತು ಬಾಳೆಹಣ್ಣನ್ನು ದಿನದ ಆಹಾರದ ಲೆಕ್ಕಕ್ಕೆ ಸೇರಿಸಿ ವೈದ್ಯರಿಗೆ ತಿಳಿಸುವುದು. ಮೊಟ್ಟೆಯು ರಕ್ತದ ಸಕ್ಕರೆಯನ್ನು ಹೆಚ್ಚಿಸುವುದಿಲ್ಲ.

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರಲ್ಲಿ ಟೈಪ್ 1 ಮಧುಮೇಹವುಳ್ಳ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಗೆ ತಿನಿಸು ಒಯ್ಯಲು ಅನುಮತಿ ನೀಡಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು 2023ರಲ್ಲಿ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, ಶಾಲೆ ಮತ್ತು ಪರೀಕ್ಷೆಗಳಲ್ಲಿ ಈ ಮಕ್ಕಳಿಗೆ ಸಕ್ಕರೆ ಪರೀಕ್ಷೆ, ಇನ್ಸುಲಿನ್ ಮತ್ತು ತಿನಿಸಿಗೆ ಅವಕಾಶ ನೀಡುವಂತೆ ತಿಳಿಸಿತು. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಪರೀಕ್ಷೆ ಬರೆಯುವ ಮಕ್ಕಳ ಪೋಷಕರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಸಂಸ್ಥೆಯ ಮುಖ್ಯಸ್ಥರಿಗೆ ಮುಂಚಿತವಾಗಿ ಮನವಿ ಸಲ್ಲಿಸುವುದು.

ಆಟದಿಂದ ಈ ಮಕ್ಕಳನ್ನು ದೂರವಿಡುವ ಅಗತ್ಯವಿಲ್ಲ. ಹೆಸರಾಂತ ಬೌಲರ್ ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಅವರು 2003ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದರು. ಆಟಕ್ಕೆ ಮೊದಲು ಪರೀಕ್ಷೆ, ನಡುವೆ ತಿನಿಸು, ಜೇಬಿನಲ್ಲಿ ಗ್ಲುಕೋಸ್ ಇದ್ದರೆ ಕಬಡ್ಡಿ, ಖೋ ಖೋ, ಓಟ ಎಲ್ಲವೂ ಸಾಧ್ಯ.

ಕುಟುಂಬದ ಹೊಣೆ

ದಿನಕ್ಕೆ ನಾಲ್ಕು ಚುಚ್ಚುಮದ್ದು, ನಾಲ್ಕು ಪರೀಕ್ಷೆ, ರಾತ್ರಿಯ ಎಚ್ಚರ ಇವೆಲ್ಲವೂ ಹೆಚ್ಚಾಗಿ ತಾಯಿಯೊಬ್ಬಳ ಮೇಲೆ ಬೀಳುತ್ತವೆ. ಆಕೆ ಜ್ವರ ಬಂದು ಮಲಗಿದ ದಿನ ಮಗುವಿಗೆ ಇನ್ಸುಲಿನ್ ಕೊಡುವವರಿಲ್ಲದಂತಾಗಬಾರದು. ತಂದೆ, ಅಜ್ಜಿ, ಅಕ್ಕ ಅಥವಾ ಚಿಕ್ಕಪ್ಪ ಹೀಗೆ ಮನೆಯಲ್ಲಿ ಕನಿಷ್ಠ ಇಬ್ಬರು ಚುಚ್ಚುಮದ್ದು ಕೊಡಲು ಕಲಿತಿರಬೇಕು. ಮಗು ದೊಡ್ಡದಾದಂತೆ ತಾನೇ ಪರೀಕ್ಷಿಸಲು, ನಂತರ ತಾನೇ ಚುಚ್ಚಿಕೊಳ್ಳಲು ಕಲಿಸಬೇಕು. ಆದರೂ ಹದಿಹರೆಯ ಮುಗಿಯುವವರೆಗೆ ಹಿರಿಯರ ಮೇಲ್ವಿಚಾರಣೆ ಅಗತ್ಯ. ಹದಿಹರೆಯದಲ್ಲಿ ಇನ್ಸುಲಿನ್ನಿನ ಅವಶ್ಯಕತೆ ಹೆಚ್ಚುತ್ತದೆ. ಬೇಸರದಿಂದ ಚುಚ್ಚುಮದ್ದು ತಪ್ಪಿಸುವುದೂ ಇದೇ ವಯಸ್ಸಿನಲ್ಲಿ. ಬೈಗುಳಕ್ಕಿಂತ ಜೊತೆಯಲ್ಲಿ ಕುಳಿತು ನೋಟುಪುಸ್ತಕ ನೋಡುವುದು ಹೆಚ್ಚು ಫಲ ಕೊಡುತ್ತದೆ. ಮನೆಯ ಇತರ ಮಕ್ಕಳು ತಮ್ಮನ್ನು ಕಡೆಗಣಿಸಲಾಗಿದೆಯೆಂದು ನೊಂದುಕೊಳ್ಳದಂತೆಯೂ ನೋಡಿಕೊಳ್ಳುವುದು.

ಹೆಣ್ಣುಮಗುವಾದರೆ ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಕಾಯಿಲೆಯನ್ನು ಮುಚ್ಚಿಡುವುದು, ನೆಂಟರೆದುರು ಇನ್ಸುಲಿನ್ ತಪ್ಪಿಸುವುದು, ಗಂಡುಮಗುವಿಗಿಂತ ಕಡಿಮೆ ಖರ್ಚು ಮಾಡುವುದು ಸಲ್ಲದು. ಸಕ್ಕರೆ ಹತೋಟಿಯಲ್ಲಿರುವ ಹೆಣ್ಣುಮಕ್ಕಳು ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಮಕ್ಕಳಿಗೆ ತಾಯಿಯಾಗುತ್ತಾರೆ. ಮುಚ್ಚಿಟ್ಟು ನಡೆಸಿದ ಮದುವೆಯ ನಂತರ ಅತ್ತೆಯ ಮನೆಯಲ್ಲಿ ಕದ್ದು ಇನ್ಸುಲಿನ್ ತೆಗೆದುಕೊಳ್ಳಬೇಕಾದ ಸ್ಥಿತಿಯು ಆ ಹೆಣ್ಣುಮಗಳ ಪ್ರಾಣಕ್ಕೇ ಅಪಾಯ ತರುತ್ತದೆ.

ಖರ್ಚು ಮತ್ತು ಮುಂಜಾಗ್ರತೆ

10 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 400 ಯೂನಿಟ್ ಇನ್ಸುಲಿನ್ ಇರುತ್ತದೆ. ದಿನಕ್ಕೆ ಒಟ್ಟು 25 ಯೂನಿಟ್ ಬೇಕಾಗುವ ಮಗುವಿಗೆ 400 ಯೂನಿಟ್ 16 ದಿನಗಳಿಗೆ ಸಾಲುತ್ತದೆ. ಹೀಗೆ ಲೆಕ್ಕ ಹಾಕಿ ತಿಂಗಳಿಗೆ ಬೇಕಾದಷ್ಟರ ಜೊತೆಗೆ ಪ್ರತಿ ಬಗೆಯ ಇನ್ಸುಲಿನ್ನಿನ ಒಂದೊಂದು ಬಾಟಲಿಯನ್ನು ಹೆಚ್ಚುವರಿಯಾಗಿ ಮನೆಯಲ್ಲಿಟ್ಟಿರಬೇಕು. ಕೊನೆಯ ಬಾಟಲಿ ತೆರೆದ ದಿನವೇ ಮುಂದಿನದಕ್ಕೆ ವ್ಯವಸ್ಥೆ ಮಾಡುವುದು. ಕಬ್ಬಿನ ಹಣ ಬೆಳೆಗೊಮ್ಮೆ ಬರುತ್ತದೆ. ಇನ್ಸುಲಿನ್ ಪ್ರತಿ ತಿಂಗಳೂ ಬೇಕು. ಡೇರಿಗೆ ಹಾಲು ಹಾಕುವ ಕುಟುಂಬಗಳು ಬಟವಾಡೆ ಹಣದಲ್ಲಿ ಇನ್ಸುಲಿನ್ ಮತ್ತು ಪರೀಕ್ಷಾ ಪಟ್ಟಿಗಳ ಪಾಲನ್ನು ಮೊದಲು ತೆಗೆದಿಡುವುದು ಒಳ್ಳೆಯ ಪದ್ಧತಿ.

ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಗುವಿನ ಹೆಸರನ್ನು ನೋಂದಾಯಿಸಿ, ಯಾವ ಇನ್ಸುಲಿನ್ ಯಾವಾಗ ದೊರೆಯುತ್ತದೆಂದು ಔಷಧ ವಿಭಾಗದಲ್ಲಿ ಮುಂಚಿತವಾಗಿ ವಿಚಾರಿಸುವುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತದೆ. ಮನೆಯಲ್ಲಿ ಪ್ರತಿದಿನ ಬಳಸುವ ಇನ್ಸುಲಿನ್ನಿನ ಖರ್ಚು ಇದರಲ್ಲಿ ಸೇರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ, ಥಲಸೇಮಿಯಾ ಮತ್ತು ಸಿಕಲ್ ಸೆಲ್ ಕಾಯಿಲೆಗಳಿದ್ದು, ಟೈಪ್ 1 ಮಧುಮೇಹ ಸೇರಿರುವುದಿಲ್ಲ. ಆದ್ದರಿಂದ ಆ ಪ್ರಮಾಣಪತ್ರ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಚಿಕಿತ್ಸೆ ದೊರೆಯುವ ಸ್ಥಳಗಳು

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬಹುದು. ಮದ್ದೂರು ಮತ್ತು ಮಳವಳ್ಳಿಗಳಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗಳಿರುತ್ತವೆ. ಮಂಡ್ಯ ನಗರದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯ ಮಕ್ಕಳ ವಿಭಾಗವಿದೆ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹಾಗೂ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ವೈದ್ಯರ ಸಲಹೆಯಂತೆ ಹೋಗಬಹುದು. ದೂರದ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೆ ಮತ್ತು ಆಶಾ ಕಾರ್ಯಕರ್ತೆಗೆ ಮಗುವಿನ ವಿಷಯ ತಿಳಿದಿರಬೇಕು. ತುರ್ತಿನ ಹೊತ್ತಿನಲ್ಲಿ ಮೊದಲು ನೆರವಿಗೆ ಬರುವವರು ಅವರೇ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮಗು ಚೆನ್ನಾಗಿ ಕಂಡರೂ, ಊಟ ಮಾಡದಿದ್ದರೂ, ಹಬ್ಬವಾಗಲಿ ಪ್ರಯಾಣವಾಗಲಿ ಇದ್ದರೂ ಇನ್ಸುಲಿನ್ ನಿಲ್ಲಿಸಬಾರದು.
2. ಬಾಟಲಿ ಮತ್ತು ಸಿರಿಂಜಿನ ಸಂಖ್ಯೆ ಒಂದೇ ಆಗಿರಬೇಕು.
3. ಜೇಬಿನಲ್ಲಿ ಸಕ್ಕರೆ, ಮನೆಯಲ್ಲಿ ಹೆಚ್ಚುವರಿ ಬಾಟಲಿಗಳು, ಚುಚ್ಚುಮದ್ದು ಬಲ್ಲ ಇಬ್ಬರು ಹಿರಿಯರು ಇರಬೇಕು.
4. ವಾಂತಿ, ಜೋರು ಉಸಿರಾಟ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು ಅಥವಾ 108ಕ್ಕೆ ಕರೆ ಮಾಡಬೇಕು.
5. ಶಾಲೆಗೆ, ಬಂಧುಗಳಿಗೆ ಮತ್ತು ನೆರೆಯವರಿಗೆ ವಿಷಯ ತಿಳಿಸಿರಬೇಕು.

ಇಲ್ಲಿನ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇನ್ಸುಲಿನ್ನಿನ ಬಗೆ ಮತ್ತು ಪ್ರಮಾಣವನ್ನು ಮಗುವನ್ನು ಪರೀಕ್ಷಿಸಿದ ವೈದ್ಯರೇ ನಿರ್ಧರಿಸತಕ್ಕದ್ದು. ಹೆಚ್ಚಿನ ವಿವರಗಳಿಗಾಗಿ ಪೋಷಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಆಯಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.